ಕಣ್ಣಿಗೆ ಕಟ್ಟುವ ಯಂತ್ರ

ವರ್ಚುವಲ್ ರಿಯಾಲಿಟಿ ಎಂಬ ಹೆಸರನ್ನು ವಾಚಕರು ಕೇಳಿಯೇ ಇರುವರು. ಹೆಡ್‌ಸೆಟ್ಟೆಂಬ ಮುಚ್ಚುಗನ್ನಡಕವನ್ನು ಮೋರೆಗೆ ಬಿಗಿದುಕೊಂಡರೆ ಕೋಣೆಯು ಮರೆಯಾಗಿ ಆಟದ ಲೋಕವೇ ಸುತ್ತಲೂ ನಿಲ್ಲುವುದು. ತಲೆ ತಿರುಗಿಸಿದತ್ತ ಆ ಲೋಕದ ಬೇರೊಂದು ಮಗ್ಗುಲು ಕಾಣುವುದು. ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ನಮ್ಮ ತಮ್ಮನ ಮಗನಿಗೆ ಕಂಪ್ಯೂಟರು ಬೇಕಾಗಿದ್ದಿತು. ನಮ್ಮ ತಾಯಿಯವರು ತಮ್ಮ ಪಿಂಚಣಿಯಲ್ಲಿ ಉಳಿಸಿದ್ದ 1,30,000 ರೂಪಾಯಿಗಳನ್ನು ಮೊಮ್ಮಗನ ಓದಿಗೆಂದು ತೆಗೆದುಕೊಟ್ಟರು. ಹುಡುಗನು ಆ ಮೊತ್ತದಲ್ಲಿಯೇ ಹೆಡ್‌ಸೆಟ್ಟೂ ಬರಬೇಕೆಂದು ಹಟ ಹಿಡಿದನು. ಅಂತಹ ಹಣವು ಎರಡನೆಯ ಸಲ ದೊರೆಯತಕ್ಕದ್ದಲ್ಲ. ಆದಕಾರಣ ನಾವೂ ಅವನೊಡನೆ ವಿಚಾರಣೆಗೆ ತೊಡಗಿದೆವು.

ಮೊದಲು ಕೇಳತಕ್ಕದ್ದು ಯಾವ ಯಂತ್ರವೆಂಬುದನ್ನಲ್ಲ, ಯಾವ ಆಟವೆಂಬುದನ್ನು. ತಾಳಕ್ಕೆ ಸರಿಯಾಗಿ ಕತ್ತಿ ಬೀಸುವ ಬೀಟ್ ಸೇಬರಿನಂತಹ ಆಟಗಳು ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ಟಿನೊಳಗೇ ನಡೆಯುವುವು. ಅವಕ್ಕೆ ಕಂಪ್ಯೂಟರೇ ಬೇಡ. ನಮ್ಮ ಹುಡುಗನ ಮನಸ್ಸಾದರೋ 2020ರಲ್ಲಿ ಹೊರಬಂದ ಹಾಫ್ ಲೈಫ್: ಅಲಿಕ್ಸ್ ಎಂಬುದರ ಮೇಲಿದ್ದಿತು. ಅದಕ್ಕೆ ಕನಿಷ್ಠಪಕ್ಷ 12 ಜಿ.ಬಿ. ರ‍್ಯಾಮು, 6 ಜಿ.ಬಿ. ಸ್ಮರಣೆಯುಳ್ಳ ಜಿ.ಟಿ.ಎಕ್ಸ್. 1060 ಗ್ರಾಫಿಕ್ಸ್ ಕಾರ್ಡು ಇರಬೇಕೆಂದು ಅದನ್ನು ಮಾಡಿದವರೇ ತಿಳಿಸಿರುವರು. ಇಷ್ಟು ಬಲವೇಕೆಂದರೆ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರಗಳನ್ನು ಸೆಕೆಂಡಿಗೆ 90 ಸಲ ಬರೆಯಬೇಕು. ಒಂದು ಸಲಕ್ಕೆ ಸಿಗುವ ಅವಕಾಶವು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 11 ಮಾತ್ರ. ಸಾಮಾನ್ಯ ಪರದೆಯ ಮೇಲೆ ಚಿತ್ರವು ತಡವರಿಸಿದರೆ ಬೇಸರವಾದೀತು. ಹೆಡ್‌ಸೆಟ್ಟಿನಲ್ಲಿ ತಡವರಿಸಿದರೆ ಹೊಟ್ಟೆ ತೊಳಸುವುದು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯನ್ನು ಎರಡು ದಿನ ತಿರುಗಿದೆವು. ಒಂದು ಅಂಗಡಿಯವರು ಹಾಳೆಯಂತೆ ತೆಳ್ಳಗಿದ್ದ ಲ್ಯಾಪ್‌ಟಾಪೊಂದನ್ನು ತೋರಿಸಿ, ಮೇಜಿನ ಮೇಲಿಡುವ ಡೆಸ್ಕ್‌ಟಾಪಿನಲ್ಲಿರುವ ಕಾರ್ಡೇ ಇದರಲ್ಲಿಯೂ ಇದೆಯೆಂದರು. ಹೆಸರೇನೋ ಅದೇ, ಆದರೆ ಲ್ಯಾಪ್‌ಟಾಪಿನ ಕಾರ್ಡಿಗೆ ದೊರೆಯುವ ವಿದ್ಯುತ್ತು ಕಡಿಮೆ, ಮೈ ತೆಳ್ಳಗಾದಷ್ಟೂ ಇನ್ನೂ ಕಡಿಮೆ. ಎಷ್ಟು ವ್ಯಾಟೆಂದು ನಾವು ಕೇಳಲು, ಅವರು ಬಣ್ಣದ ವಿಚಾರವನ್ನೆತ್ತಿದರು! ಡೆಸ್ಕ್‌ಟಾಪೇ ಮೇಲೆಂಬುದು ನಮ್ಮ ಅಭಿಪ್ರಾಯ. ನಾಲ್ಕು ವರ್ಷಗಳ ಮೇಲೆ ಕಾರ್ಡೊಂದನ್ನೇ ಬದಲಿಸಬಹುದು. ಆದರೆ ಕಾಲೇಜಿಗೆ ಹೊತ್ತೊಯ್ಯಬೇಕಾದದ್ದರಿಂದ, 8 ಜಿ.ಬಿ. ಗ್ರಾಫಿಕ್ಸ್ ಸ್ಮರಣೆಯ ದಪ್ಪ ಲ್ಯಾಪ್‌ಟಾಪಿಗೆ ಒಪ್ಪಿದೆವು. ಭಾರವನ್ನು ಹೊರುವವನು ಅವನು ತಾನೇ.

ಹೆಡ್‌ಸೆಟ್ಟಾದರೋ ಚಪ್ಪಲಿಯಂತೆ, ಅವರವರ ಅಳತೆ ಅವರವರಿಗೆ. ಎರಡು ಕಣ್ಣುಪಾಪೆಗಳ ನಡುವಣ ದೂರವನ್ನು ಕನ್ನಡಕದ ಅಂಗಡಿಯಲ್ಲಿ ಅಳೆದುಕೊಡುವರು. 2023ರಲ್ಲಿ ಹೊರಬಂದ ಕ್ವೆಸ್ಟ್ 3ರಲ್ಲಿ ಸಣ್ಣದೊಂದು ಚಕ್ರವನ್ನು ತಿರುಗಿಸಿ 58ರಿಂದ 71 ಮಿಲಿಮೀಟರುಗಳವರೆಗೆ ಹೊಂದಿಸಿಕೊಳ್ಳಬಹುದು. ಮರುವರ್ಷದ ಕ್ವೆಸ್ಟ್ 3ಎಸ್‌ನಲ್ಲಿ 58, 63, 68 ಎಂಬ ಮೂರೇ ಮೆಟ್ಟಿಲುಗಳು. ಮಸೂರಗಳೂ ಹಳೆಯ ತರದವು, ಅಂಚಿನಲ್ಲಿ ಅಕ್ಷರಗಳು ಮಸುಕಾಗುವುವು. ಹೊರಬಂದಾಗ ಅಮೇರಿಕೆಯಲ್ಲಿ ಮೊದಲನೆಯದಕ್ಕೆ 499 ಡಾಲರು, ಎರಡನೆಯದಕ್ಕೆ 299. ನಮ್ಮವನ ಅಳತೆ 63 ಆದದ್ದು ಅಜ್ಜಿಯ ಪುಣ್ಯ! ಇವೆರಡೂ ಯು.ಎಸ್.ಬಿ. ತಂತಿಯಿಂದಲೋ ಮನೆಯ ವೈಫೈಯಿಂದಲೋ ಕಂಪ್ಯೂಟರಿಗೆ ಸೇರಿಕೊಳ್ಳುವುವು.

ಅಗ್ಗಕ್ಕೆ ಸಿಕ್ಕಿತೆಂದು ಹಳೆಯದನ್ನು ಕೊಳ್ಳುವವರು ಒಂದು ಮಾತನ್ನು ಗಮನಿಸತಕ್ಕದ್ದು. ಎಚ್.ಪಿ. ರಿವರ್ಬ್ ಜಿ2 ಮುಂತಾದವು ವಿಂಡೋಸಿನ ಮಿಕ್ಸೆಡ್ ರಿಯಾಲಿಟಿ ಎಂಬ ಅಂಗವನ್ನು ನಂಬಿಕೊಂಡಿದ್ದವು. ಮೈಕ್ರೋಸಾಫ್ಟಿನವರು 2024ರಲ್ಲಿ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದನ್ನು ತೆಗೆದುಹಾಕಿದರು. ಮಾರುವವರು ಇದನ್ನು ತಾವಾಗಿ ಹೇಳಲಾರರು.

ಹಣ ಕೊಡುವ ಮುನ್ನ ಒಂದು ಮಾಲಿನ ಆಟದ ಕೇಂದ್ರದಲ್ಲಿ ಹುಡುಗನನ್ನು ಅರ್ಧ ಗಂಟೆ ಆಡಿಸಿ ನೋಡಿದೆವು. ತನ್ನ ಕಾಲಲ್ಲಿಯೇ ನಡೆದಾಡುವ ಆಟದಲ್ಲಿ ಅವನಿಗೆ ಏನೂ ಆಗಲಿಲ್ಲ. ಕುಳಿತಲ್ಲಿಯೇ ಕಾರು ಓಡಿಸುವ ಆಟದಲ್ಲಿ ಹತ್ತು ನಿಮಿಷಕ್ಕೆ ಮುಖ ಬಿಳಿಚಿತು. ಕಣ್ಣು ಓಡುತ್ತಿದ್ದೇನೆಂದು ಹೇಳುವುದು, ಒಳಗಿವಿಯು ಕುಳಿತಿದ್ದೇನೆಂದು ಹೇಳುವುದು. ಈ ಜಗಳದಿಂದಲೇ ತಲೆಸುತ್ತು. ದಿನಕ್ಕಿಷ್ಟೆಂದು ಆಡುತ್ತ ಹಲವರಿಗೆ ಅಭ್ಯಾಸವಾಗುವುದು. ಕೆಲವರಿಗೆ ಆಗುವುದೇ ಇಲ್ಲ. ಸಂಗತಿಯನ್ನು ಕೇಳಿದ ತಾಯಿಯವರು, "ತಲೆ ತಿರುಗಿಸಿಕೊಳ್ಳುವುದಕ್ಕೂ ದುಡ್ಡು ಕೊಡಬೇಕೇನೋ ಮಗು?" ಎಂದರು. ಅವನು, "ನಡೆದಾಡುವ ಆಟವನ್ನೇ ಆಡುತ್ತೇನಜ್ಜಿ" ಎಂದು ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು. ಅಲಿಕ್ಸ್ ನಡೆದಾಡುವ ಜಾತಿಗೆ ಸೇರಿದ್ದು ಎಂಬುದನ್ನು ಅವನು ಮೊದಲೇ ತಿಳಿದುಕೊಂಡಿದ್ದನು.

ಕ್ವೆಸ್ಟ್ 3ಎಸ್ ಹೊರದೇಶದಿಂದ ತರಿಸಿದ ಸರಕಾದ್ದರಿಂದ, ಕೆಟ್ಟರೆ ಹೊಣೆ ಯಾರದೆಂಬುದನ್ನು ರಸೀತಿಯ ಮೇಲೆ ಬರೆಸಿಕೊಂಡೆವು. ಎರಡು ಮೀಟರು ಚೌಕದ ಬಯಲು ಬೇಕಾದದ್ದರಿಂದ ನಡುಮನೆಯ ಮಂಚವು ಗೋಡೆಗೆ ಸರಿಯಿತು. ಮಸೂರಕ್ಕೆ ಬಿಸಿಲು ತಗುಲಿದರೆ ಒಳಗಿನ ಪರದೆಯು ಸುಟ್ಟುಹೋಗುವುದರಿಂದ ಅದರ ವಾಸ ಈಗ ಬೀರುವಿನಲ್ಲಿ. ಹತ್ತು ವರ್ಷ ತುಂಬದ ಮಕ್ಕಳಿಗೆ ಅದು ತಕ್ಕುದಲ್ಲವೆಂದು ತಯಾರಕರೇ ಹೇಳಿರುವುದರಿಂದ, ಬೀರುವಿನ ಬೀಗದ ಕೈ ನಮ್ಮ ತಾಯಿಯವರ ಸೆರಗಿನಲ್ಲಿದೆ.