ಅಂಗಳದ ನಾಯಿ, ಅಡವಿಯ ಮೃಗ

ನಮ್ಮ ಮನೆಯಿರುವುದು ಮಲೆನಾಡಿನಲ್ಲಿ. ತೋಟದ ಬೇಲಿ ಮುಗಿದಲ್ಲಿ ಅಡವಿಯು ಮೊದಲಾಗುತ್ತದೆ. ಮನೆ ಕಾಯಲೆಂದು ಕರಿಯನೆಂಬ ನಾಯಿಯನ್ನು ಸಾಕಿದ್ದೆವು. ಚಿರತೆಯು ಹೊತ್ತೊಯ್ದೀತೆಂಬ ಅಂಜಿಕೆಯಿಂದ ಸಂಜೆಯಾಗುತ್ತಲೇ ಅದನ್ನು ಒಳಗೆ ಕೂಡುತ್ತಿದ್ದೆವು. ಹಗಲೆಲ್ಲ ಅದು ಕಾಡಿನಲ್ಲಿ ಎಲ್ಲೆಲ್ಲಿ ಅಲೆದು ಬರುತ್ತಿತ್ತೋ ನಾವು ವಿಚಾರಿಸಿದವರಲ್ಲ.

೨೦೧೮ನೆಯ ಇಸವಿಯ ಬೇಸಗೆಯಲ್ಲಿ ಕರಿಯನಿಗೆ ಕೆಮ್ಮು ಹತ್ತಿತು. ಕಣ್ಣು ಮೂಗುಗಳಿಂದ ನೀರು ಸುರಿಯತೊಡಗಿತು. ನಾಲ್ಕಾರು ದಿನ ಕೆಮ್ಮುತ್ತಲೇ ಕಾಡಿಗೆ ಹೋಗಿ ಬಂದು, ಆಮೇಲೆ ಅನ್ನ ಬಿಟ್ಟು ಮಲಗಿತು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿದ್ದೆವಲ್ಲ ಎಂದು ಪಶುವೈದ್ಯರನ್ನು ಕೇಳಿದೆ. “ಅಮ್ಮಾ, ಆ ಮದ್ದು ಆ ರೋಗಕ್ಕೆ ಮಾತ್ರ. ಇದು ಡಿಸ್ಟೆಂಪರ್. ಇದರ ಮದ್ದು ಬೇರೆ, ಮರಿಯಾಗಿದ್ದಾಗಲೇ ಹಾಕಿಸಬೇಕಿತ್ತು” ಎಂದರು. ದವಡೆ ಅದುರಿ, ಸೆಳೆತ ಬಂದು, ಒಂದು ಮುಂಜಾನೆ ಕರಿಯ ಪ್ರಾಣ ಬಿಟ್ಟಿತು.

ಆ ವರ್ಷವೇ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಅರಣ್ಯದ ಸುದ್ದಿ ಬಂದಿತು. ಕೆಲವೇ ವಾರಗಳಲ್ಲಿ ೨೦ಕ್ಕೂ ಹೆಚ್ಚು ಸಿಂಹಗಳು ಸತ್ತುವು. ಅವುಗಳಲ್ಲಿ ಕೆಲವುಗಳ ದೇಹದಲ್ಲಿ ದೊರೆತುದು ಇದೇ ಡಿಸ್ಟೆಂಪರಿನ ವೈರಾಣು. ಏಷ್ಯದ ಸಿಂಹವು ಕಾಡಿನಲ್ಲಿ ಉಳಿದಿರುವುದು ಗಿರ್ ಮತ್ತು ಅದರ ಸುತ್ತಿನ ಸೀಮೆಯಲ್ಲಿ ಮಾತ್ರ. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳು ಈ ರೋಗಕ್ಕೆ ಬಲಿಯಾಗಿದ್ದುವು. ಸುತ್ತಲಿನ ಹಳ್ಳಿಗಳ ಸಾಕುನಾಯಿಗಳಿಂದ ಅದು ಬಂದಿರಬೇಕೆಂದು ವಿದ್ವಾಂಸರು ಕಂಡರು.

ಈ ವೈರಾಣುವು ಮಕ್ಕಳ ದಡಾರದ ವೈರಾಣುವಿಗೆ ದಾಯಾದಿ. ರೋಗ ಹಿಡಿದ ಪ್ರಾಣಿಯ ಸೀನು, ಕೆಮ್ಮು, ಸಿಂಬಳ, ಜೊಲ್ಲುಗಳಿಂದ ಹರಡುತ್ತದೆ. ನಾಯಿಯೊಂದಕ್ಕೇ ನಿಲ್ಲದೆ ನರಿ, ಸೀಳುನಾಯಿ, ಚಿರತೆ, ಹುಲಿಗಳಿಗೂ ಅಂಟಬಲ್ಲುದು. ಅಂಟಿದ ಮೇಲೆ ಅದನ್ನು ಕೊಲ್ಲುವ ಔಷಧವಿಲ್ಲ. ಮನೆಯ ನಾಯಿಗಾದರೆ ಆರೈಕೆಯುಂಟು. ಅಡವಿಯ ಮೃಗಕ್ಕೆ ಗಂಜಿನೀರು ಕೊಡುವವರಾರು?

ಚಿರತೆಯಿಂದ ನಾಯಿಗೆ ಕೇಡೆಂದು ಬಾಗಿಲು ಹಾಕಿದೆವು. ನಾಯಿಯಿಂದ ಚಿರತೆಗೆ ಕೇಡಾದೀತೆಂದು ಎಣಿಸಲಿಲ್ಲ. ಆ ನಾಲ್ಕಾರು ದಿನಗಳಲ್ಲಿ ಕರಿಯ ಯಾವ ಬೇಟೆಯ ಎಂಜಲಿಗೆ ಬಾಯಿಟ್ಟಿತೋ, ಅದೇ ಎಂಜಲಿಗೆ ಯಾವ ಮೃಗ ಮರಳಿ ಬಂದಿತೋ, ತಿಳಿಯುವ ಬಗೆಯಿಲ್ಲ. ಈ ಯೋಚನೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈಗ ಮನೆಯಲ್ಲಿ ಮತ್ತೊಂದು ನಾಯಿಯಿದೆ. ಎಂಟು ವಾರದ ಮರಿಯಾಗಿದ್ದಾಗ ಮೊದಲ ಚುಚ್ಚುಮದ್ದನ್ನು ಹಾಕಿಸಿ, ವೈದ್ಯರು ಹೇಳಿದ ಅಂತರದಲ್ಲಿ ಉಳಿದವನ್ನೂ ಪೂರೈಸಿದೆವು. ಹಗಲಿನಲ್ಲಿಯೂ ಅದನ್ನು ಬೇಲಿ ದಾಟಗೊಡುವುದಿಲ್ಲ. ನೆರೆಯವರಿಗೆ ತೊಂದರೆಯಾಗದಂತೆ ಬಾಳುವುದು ಗೃಹಸ್ಥಧರ್ಮವಷ್ಟೆ. ಅಡವಿಯೂ ನಮಗೆ ನೆರೆಮನೆಯೇ.