ಮೀನು ಮನೆಗೆ ಹೊಂದುವವರೆಗೆ

ಡಿಸೆಂಬರ್ 6, ಶನಿವಾರ. ಬಳ್ಳಾರಿ

ಸಂಜೆ ಎಂಟು ಚೆರ್ರಿ ಬಾರ್ಬ್ ತಂದೆ. ಅಂಗಡಿಯವರು ಮಿಸ್ ಕೇರಳ ಮೀನನ್ನೂ ತೋರಿಸಿದರು. ಅದರ ಕೆಂಪು, ಕಪ್ಪು ಪಟ್ಟೆ ಕಣ್ಣು ಸೆಳೆದರೂ ಮನಸ್ಸು ಒಪ್ಪಲಿಲ್ಲ. ಕಾಸರಗೋಡಿನ ಚಂದ್ರಗಿರಿಯಂಥ ಹೊಳೆಗಳ ಹರಿಯುವ ತಂಪು ನೀರಿನ ಮೀನು ಅದು, ಅಳಿವಿನಂಚಿನಲ್ಲಿದೆ. ಅದು ಅಲ್ಲೇ ಇರಲಿ.

ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು, ಆಮೇಲೆ ಅದರೊಳಕ್ಕೆ ಟ್ಯಾಂಕಿನ ನೀರನ್ನು ಅರ್ಧರ್ಧ ಲೋಟ ಸೇರಿಸುತ್ತ ಹೋದೆ. ಕೊನೆಗೆ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಟ್ಟು, ಚೀಲದ ನೀರು ಚೆಲ್ಲಿದೆ. ಬಿಟ್ಟಕೂಡಲೇ ಎಂಟೂ ಫಿಲ್ಟರ್ ಹಿಂದೆ ಸೇರಿಕೊಂಡವು. ದೀಪ ಆರಿಸಿದೆ. ಇವತ್ತು ಕಾಳು ಹಾಕಲಿಲ್ಲ. ಹೆದರಿದ ಮೀನು ತಿನ್ನುವುದಿಲ್ಲ, ಉಳಿದದ್ದು ಕೊಳೆತು ಅಮೋನಿಯ ಆಗುತ್ತದೆ.

ಡಿಸೆಂಬರ್ 7, ಭಾನುವಾರ

"ಅವು ಅದಾವೋ ಇಲ್ಲೋ?" ಎಂದು ಅತ್ತೆ ಎರಡು ಸಲ ಕೇಳಿದರು. ಮಗಳು ಗಾಜು ತಟ್ಟಲು ಹೋದಳು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಮೀನಿನ ಮೈಯ ಎರಡೂ ಬದಿಗೆ ಉದ್ದಕ್ಕೆ ಒಂದು ಗೆರೆಯಿದೆ, ನೀರಿನ ಅಲುಗಾಟವನ್ನು ಅದರಿಂದಲೇ ಅರಿಯುತ್ತದೆ, ನಾವು ತಟ್ಟಿದ್ದು ಅದಕ್ಕೆ ಮೈಗೆ ತಗಲಿದಂತೆ ಎಂದು ಹೇಳಿದೆ. ಮಿಕ್ಸಿಯ ಅದುರಾಟವೂ ಹಾಗೆಯೇ ತಟ್ಟೀತೆಂದು ಅದನ್ನು ಟ್ಯಾಂಕಿನ ಹಿಂದಿನ ಗೋಡೆಯಿಂದ ತೆಗೆದು ಅಡುಗೆಮನೆಯ ಇನ್ನೊಂದು ಬದಿಗಿಟ್ಟೆ.

ಡಿಸೆಂಬರ್ 10, ಬುಧವಾರ. ಕುರುಗೋಡು

ನಮ್ಮ ಶಾಲೆ ಬಿಟ್ಟ ಮೇಲೆ, ಮೀನಿಗೆ ಅಡಗುವ ಜಾಗವಾಗಲೆಂದು, ಗುಡ್ಡದ ಬುಡದಲ್ಲಿ ಅಂಗೈಯಗಲದ ನಾಲ್ಕು ಕಲ್ಲು ಆರಿಸಿದೆ. ಮನೆಯಲ್ಲಿ ಒಂದೊಂದರ ಮೇಲೂ ನಿಂಬೆರಸ ಹಿಂಡಿದೆ. ಸುಣ್ಣವಿದ್ದರೆ ನೊರೆ ಏಳುತ್ತದೆ, ಅಂಥ ಕಲ್ಲು ನೀರನ್ನು ಇನ್ನೂ ಗಡಸು ಮಾಡುತ್ತದೆ. ನಮ್ಮ ಬೋರ್ ನೀರು ಮೊದಲೇ ಗಡಸು. ಗ್ರಾನೈಟ್ ಕಲ್ಲು, ನೊರೆ ಏಳಲಿಲ್ಲ. ತಿಕ್ಕಿ ತೊಳೆದು, ಮೀನು ನುಸುಳುವಂತೆ ಸಂದು ಬಿಟ್ಟು ಜೋಡಿಸಿದೆ.

ಡಿಸೆಂಬರ್ 14, ಭಾನುವಾರ. ಸಿರುಗುಪ್ಪ

ದೊಡ್ಡಪ್ಪನ ಜೊತೆ ಕಾಲುವೆ ದಂಡೆಗೆ ಹೋಗಿದ್ದೆ. ಪಾಚಿಯ ಅಂಚಿನಲ್ಲಿ ಪುಟ್ಟ ಮೀನುಗಳು ಆಡುತ್ತಿದ್ದವು. ನಾನು ಬಗ್ಗಿದ್ದೇ ತಡ, ಎಲ್ಲವೂ ಮಾಯ. "ನೆರಳು ಬೀಳಬಾರ್ದವ್ವ, ಕೊಕ್ಕರೆ ಬಂತಂತ ಓಡ್ತಾವ," ಎಂದರು. ನಿಜ, ಕೊಕ್ಕರೆ, ಮಿಂಚುಳ್ಳಿ ಎಲ್ಲ ಎರಗುವುದು ಮೇಲಿನಿಂದಲೇ. ಅಂಗಡಿಯ ಮೀನಿಗೂ ಆ ಭಯ ಹುಟ್ಟಿನಿಂದ ಬಂದದ್ದು. ಪಾಚಿ ಹತ್ತಿರವಿದ್ದುದರಿಂದಲೇ ಅವು ಬಯಲಲ್ಲಿ ಆಡುವ ಧೈರ್ಯ ಮಾಡಿದ್ದವು.

ಆ ಪಾಚಿಯನ್ನು ತರಲಿಲ್ಲ, ಭತ್ತಕ್ಕೆ ಹೊಡೆದ ಔಷಧ ಅದರಲ್ಲಿರಬಹುದು. ದೊಡ್ಡಪ್ಪನ ಹಿತ್ತಲಿನ ಬಾದಾಮಿ ಗಿಡದ ಕೆಳಗೆ ತಾನಾಗಿ ಉದುರಿ ಒಣಗಿದ ಎಲೆ ಆರಿಸಿ ತಂದೆ.

ಡಿಸೆಂಬರ್ 16, ಮಂಗಳವಾರ. ಬಳ್ಳಾರಿ

ಚೆರ್ರಿ ಬಾರ್ಬ್ ತವರು ಶ್ರೀಲಂಕಾ. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 1929ರಲ್ಲಿ. ಮರಗಳ ನೆರಳಿನ, ತಳದಲ್ಲಿ ತರಗೆಲೆ ಹಾಸಿದ, ನಿಧಾನ ಹರಿಯುವ ತೊರೆ ಅದರ ಮನೆ. ಬಾದಾಮಿ ಎಲೆ ತೊಳೆದು ನೆನೆಸಿ ಹಾಕಿದೆ. ನೀರಿಗೆ ತಿಳಿಯಾದ ಚಹಾದ ಬಣ್ಣ ಬಂತು. ಹಿಂದಿನ ಗಾಜಿಗೆ ಕಪ್ಪು ಡ್ರಾಯಿಂಗ್ ಶೀಟ್ ಅಂಟಿಸಿದೆ. ಕಾಳು ಹಾಕುವಾಗ ಮೇಲಿನಿಂದ ಬಗ್ಗದೆ, ಮುಂದೆ ಕೂತು, ಪಕ್ಕದಿಂದ ಕೈ ಚಾಚುತ್ತಿದ್ದೇನೆ.

ಡಿಸೆಂಬರ್ 21, ಭಾನುವಾರ

ಹಳೆಯ ಟ್ಯಾಂಕಿನ ಆರು ಜೀಬ್ರಾ ಡೇನಿಯೊಗಳನ್ನು ಇದಕ್ಕೆ ಬಿಟ್ಟೆ. ಅವಕ್ಕೆ ಅಂಜಿಕೆಯೆಂಬುದಿಲ್ಲ, ಮೇಲ್ನೀರಿನಲ್ಲೇ ಓಡಾಡುತ್ತವೆ. ಮೇಲೆ ಬೇರೆ ಮೀನು ನೆಮ್ಮದಿಯಾಗಿದ್ದರೆ ಅಪಾಯವಿಲ್ಲವೆಂದು ಕೆಳಗಿನವಕ್ಕೆ ಗೊತ್ತಾಗುತ್ತದೆ. ಮಧ್ಯಾಹ್ನ ಮೂರು ಬಾರ್ಬ್ ಕಲ್ಲಿನ ಸಂದಿನಿಂದ ಬಂದು ಕಾಳು ತಿಂದವು! ಸಂತೋಷಕ್ಕೆ ಮಗಳನ್ನು ಕೂಗಬೇಕೆನಿಸಿತು. ಕೂಗದೆ ಕೈಸನ್ನೆ ಮಾಡಿದೆ.

ಜನವರಿ 4, ಭಾನುವಾರ

ಈಗ ಎಂಟೂ ಹೊರಗೆ. ಬೂದಿ ಬಣ್ಣಕ್ಕೆ ತಿರುಗಿದ್ದ ಗಂಡು ಮೀನುಗಳು ಕೆಂಪೇರಿವೆ. ಅವು ಹೊಂದಿಕೊಂಡಿವೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ. ಅಡಗುವ ಜಾಗ ಹೆಚ್ಚಾದಷ್ಟೂ ಅವು ಅಡಗುವುದು ಕಡಿಮೆಯಾಯಿತು. ಮೀನು ಕಾಣಲೆಂದು ಟ್ಯಾಂಕನ್ನು ಬರಿದಾಗಿಡುವವರಿಗೆ ನಾನು ಹೇಳುವುದು ಇದನ್ನೇ.

ಶಾಲೆಯ ಗೆಳತಿಯೂ ಮೀನು ಸಾಕುತ್ತೇನೆ ಎಂದಿದ್ದಾಳೆ. ಮೊದಲು ಕಲ್ಲು, ಗಿಡ, ಎಲೆ ಹೊಂದಿಸು, ಮೀನು ಆಮೇಲೆ ಎಂದಿದ್ದೇನೆ. ನನಗೆ ಮುಂದಿನ ಕೆಲಸ ಬೇಸಿಗೆಯದು. ಬಾರ್ಬ್‌ಗಳಿಗೆ 27 ಡಿಗ್ರಿವರೆಗಿನ ನೀರು ಹಿತ, ಬಳ್ಳಾರಿಯ ಏಪ್ರಿಲ್ 40 ದಾಟುತ್ತದೆ. ಮಾರ್ಚ್ ಬರುವುದರೊಳಗೆ ನೀರಿನ ಮೇಲೆ ಗಾಳಿ ಬೀಸುವ ಚಿಕ್ಕ ಫ್ಯಾನು ಕೂರಿಸಬೇಕು. ಅದರ ಸದ್ದು ಮಾತ್ರ ಕಡಿಮೆಯಿರಬೇಕು.