ಅಂಗಳದ ಕೆಂಪು ಕಳೆ: ಹೆಸರು ಮತ್ತು ನಿರ್ಮೂಲನ

ಭಟ್ಕಳದಿಂದ ಹೊನ್ನಾವರವನ್ನು ದಾಟಿ ಕುಮಟಾದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರ ಆಸುಪಾಸಿನಲ್ಲಿ ಈಚೆಗೆ ಎದ್ದುನಿಂತ ಅನೇಕ ಮನೆಗಳ ಮುಂದೆ ಹಳೆಯ ಅಂಗಳವಿಲ್ಲ. ಮಳೆಗಾಲ ಮುಗಿಯುತ್ತಲೇ ಹುಲ್ಲು ಕೆತ್ತಿ, ಮಣ್ಣು ಬಡಿದು ಗಟ್ಟಿಮಾಡಿ, ಸಗಣಿ ಸಾರಿಸಿ, ಅಡಿಕೆ ಒಣಗಿಸಲು ಅಣಿಗೊಳಿಸುತ್ತಿದ್ದ ಆ ಅಂಗಳದ ಸ್ಥಾನವನ್ನು ಹುಲ್ಲುಹಾಸು ಪಡೆದುಕೊಂಡಿದೆ. ಅಂಗಳ ಕೆತ್ತುವವನಿಗೆ ಗಿಡಗಳ ಪರಿಚಯ ಬೇಕಾಗಿರಲಿಲ್ಲ. ಹಸುರಾದುದೆಲ್ಲವೂ ಅವನ ಗುದ್ದಲಿಗೆ ಒಂದೇ. ಹುಲ್ಲುಹಾಸಿನ ಸ್ಥಿತಿ ಬೇರೆ. ಅಲ್ಲಿ ಒಂದು ಹುಲ್ಲನ್ನು ಉಳಿಸಿ ಇನ್ನೊಂದನ್ನು ತೆಗೆಯಬೇಕು. ಆದ್ದರಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಕಣ್ಣೂ ಬೇರ್ಪಡಿಸಿ ಹೇಳುವ ಮಾತೂ ಬೇಕು.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ತೀರದಲ್ಲಿ ಆಷಾಢ ಶ್ರಾವಣಗಳಲ್ಲಿ ಎಲ್ಲವೂ ಹಸುರು. ಭಾದ್ರಪದ ಕಳೆದು ಬಿಸಿಲು ಬಿದ್ದೊಡನೆ ಆ ಹಸುರಿನ ನಡುವೆ ಅಲ್ಲಲ್ಲಿ ಕೆಂಪು ತೇಪೆಗಳು ಕಾಣಿಸಿಕೊಳ್ಳುತ್ತವೆ. ಮನೆಯವರು ಅದನ್ನು 'ಕೆಂಪು ಕಳೆ' ಎನ್ನುತ್ತಾರೆ. ಅಂಗಡಿಯವನು ಅದಕ್ಕೊಂದು ಬಾಟಲಿ ಕೊಡುತ್ತಾನೆ. ಯಾವ ಗಿಡವೆಂದು ಇಬ್ಬರೂ ಕೇಳುವುದಿಲ್ಲ.

'ಕಳೆ' ಎಂಬ ಶಬ್ದವನ್ನೇ ಮೊದಲು ನೋಡಬೇಕು. ಇಂದಿನ ಬರವಣಿಗೆಯಲ್ಲಿ ಒಂದೇ ರೂಪದಲ್ಲಿ ಕಾಣುವ ಇದು ಮೂಲತಃ ಮೂರು ಶಬ್ದ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮಾಡಿದ ರಳ, ಕುಳ, ಕ್ಷಳಗಳ ವಿಭಾಗವನ್ನು ಇದಕ್ಕೆ ಅನ್ವಯಿಸಿದರೆ ಮೂರೂ ಬೇರೆ ಬೇರೆ ಮನೆಗಳಿಗೆ ಸೇರುತ್ತವೆ. ಕಾಲವನ್ನು ಕಳೆಯುವ 'ಕೞೆ' ರಳದ್ದು. ಮುಖದ ಕಾಂತಿಯಾದ 'ಕಳೆ' ಸಂಸ್ಕೃತದ ಕಲಾ ಶಬ್ದದಿಂದ ಬಂದ ಕ್ಷಳದ್ದು. ಗದ್ದೆಯ ಕಳೆ ಅಚ್ಚಗನ್ನಡದ ಕುಳದ್ದು. ಕಿತ್ತುಹಾಕು, ತೆಗೆ ಎಂಬ ಕ್ರಿಯೆಯೇ ಅದರ ಮೂಲ, ತಮಿಳಿನ 'ಕಳೈ' ಅದರ ಸೋದರ. ಅಂದರೆ ಕಳೆ ಎಂಬುದು ಸಸ್ಯದ ಜಾತಿಯಲ್ಲ, ಗುಣವೂ ಅಲ್ಲ. ಯಾವುದನ್ನು ಕೀಳಬೇಕೆಂದು ಮನುಷ್ಯ ನಿಶ್ಚಯಿಸಿದನೋ ಅದು. ನಿಶ್ಚಯ ಬದಲಾದರೆ ಅದೇ ಗಿಡ ಸೊಪ್ಪಾಗುತ್ತದೆ, ಮದ್ದಾಗುತ್ತದೆ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನ ಗುರುಪೀಠವಿದ್ದ ಸಂಗೀತಪುರ, ಇಂದಿನ ಹಾಡುವಳ್ಳಿ, ಇದೇ ಭಟ್ಕಳ ತಾಲೂಕಿನಲ್ಲಿದೆ. ಶಬ್ದಗಳನ್ನು ಅಷ್ಟು ನಿಷ್ಠೆಯಿಂದ ವಿಂಗಡಿಸಿದ ಸೀಮೆಯಲ್ಲಿ ಅಂಗಳದ ಹತ್ತು ಗಿಡಗಳಿಗೆ ಒಂದೇ ಹೆಸರು ಉಳಿಯುತ್ತಿರುವುದು ಖೇದದ ಸಂಗತಿ.

ಕೆಂಪು ಎಂಬ ವಿಶೇಷಣವೂ ಮೋಸಮಾಡುತ್ತದೆ. ಕನ್ನಡ ಕವಿಗಳಿಗೆ ಪ್ರಿಯವಾದ 'ಕೆಂದಳಿರು' ಎಂಬ ಸಮಾಸದ ಹಿಂದೆ ಒಂದು ಸಸ್ಯಶಾಸ್ತ್ರೀಯ ಸತ್ಯವಿದೆ: ಮಾವಿನ ಎಳೆಯ ಎಲೆ ಕೆಂಪಾಗಿರುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ, ಅದು ಎಳೆಯ ಅಂಗಾಂಶಕ್ಕೆ ಕಡುಬಿಸಿಲಿನಿಂದ ರಕ್ಷೆ. ಬಯಲಿನ ಹುಲ್ಲುಹಾಸಿನಲ್ಲಿ ನೆಲಕ್ಕಂಟಿ ಬೆಳೆಯುವ ಅನೇಕ ಗಿಡಗಳು ಕೆಂಪೇರುವುದೂ ಇದೇ ಕಾರಣಕ್ಕೆ. ತೆಂಗಿನ ನೆರಳಿನಲ್ಲಿ ಹಸುರಾಗಿರುವ ಗಿಡವೇ ಎರಡು ಮಾರು ಆಚೆ ಬಿಸಿಲಿನಲ್ಲಿ ಕೆಂಪಾಗಿರುತ್ತದೆ. ಹರಿವೆ, ಗೋಣಿಸೊಪ್ಪು, ಪುನರ್ನವಗಳ ಕೆಂಪು ಮಾತ್ರ ಬೇರೆ. ಅದು ಬೀಟ್‌ರೂಟಿಗೆ ಬಣ್ಣ ಕೊಡುವ ಬೀಟಾಲೇನ್ ಗುಂಪಿನದು. ಒಂದೇ ಸಸ್ಯದಲ್ಲಿ ಈ ಎರಡೂ ವರ್ಣದ್ರವ್ಯಗಳು ಕೂಡಿ ಇರುವುದಿಲ್ಲ.

ಮೂರನೆಯ ಕಾರಣ ಮಣ್ಣು. 1801ರಲ್ಲಿ ಈ ತೀರವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಪ್ರವಾಸಗ್ರಂಥದಲ್ಲಿ 'ಲ್ಯಾಟರೈಟ್' ಎಂಬ ಹೆಸರನ್ನು ಲ್ಯಾಟಿನ್ನಿನ ಇಟ್ಟಿಗೆ ಎಂಬ ಶಬ್ದದಿಂದ ರೂಪಿಸಿದ. ಕನ್ನಡದ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಕುಳಿತಿದೆ. ಚಿರೆಕಲ್ಲು ಕಡಿಯುವ ಈ ನೆಲ ಹುಳಿಮಣ್ಣಿನದು. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ಅದು ಸಿಕ್ಕುವುದಿಲ್ಲ. ರಂಜಕ ಕಡಿಮೆಯಾದರೆ ಎಷ್ಟೋ ಹುಲ್ಲುಗಳ ಎಲೆ ನೇರಳೆಗೆಂಪಿಗೆ ತಿರುಗುತ್ತದೆ. ಆದುದರಿಂದ ಮನೆಯೊಡೆಯ ಕಳೆಯೆಂದು ದೂರುವ ಕೆಂಪು ತೇಪೆ ಕೆಲವೊಮ್ಮೆ ಅವನೇ ಹಣ ಕೊಟ್ಟು ತಂದು ಹಾಸಿದ ಹುಲ್ಲಿನದೇ ಆಗಿರುತ್ತದೆ! ಅಂಥಲ್ಲಿ ಕೀಳಬೇಕಾದುದು ಏನೂ ಇಲ್ಲ, ಗೊಬ್ಬರ ಬೇಕು.

ನಿಜವಾದ ಗಿಡಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಹುಳಿಸೊಪ್ಪು. ಮೂರು ಹೃದಯಾಕಾರದ ಎಲೆಗಳು, ಪುಟ್ಟ ಹಳದಿ ಹೂ, ಗೆಣ್ಣುಗೆಣ್ಣಿಗೆ ಬೇರುಬಿಡುವ ಹಂಬು. ಬಿಸಿಲಿನಲ್ಲಿ ಎಲೆ ತಾಮ್ರದ ಬಣ್ಣಕ್ಕೆ ಬರುತ್ತದೆ. ಬಲಿತ ಕೋಡನ್ನು ಮುಟ್ಟಿದರೆ ಸಿಡಿದು ಬೀಜ ದೂರಕ್ಕೆ ಎರಚಿಹೋಗುತ್ತದೆ. ಕೋಡು ನೆಟ್ಟಗೆ ನಿಲ್ಲುವ ಮುನ್ನವೇ ಕಿತ್ತರೆ ಕೆಲಸ ಒಂದು ದಿನದ್ದು, ಆಮೇಲೆ ಕಿತ್ತರೆ ಕಿತ್ತವನೇ ಬಿತ್ತಿದಂತೆ.

ಅಚ್ಚೆಗಿಡವನ್ನು ಚಿವುಟಿದರೆ ಹಾಲು ಬರುತ್ತದೆ. ಎದುರುಬದುರಾದ ಎಲೆಗಳ ಮೇಲೆ ಕೆಂಪು ಮಚ್ಚೆ, ಕಾಂಡ ಕೆಂಪು, ರೋಮಮಯ. ಒಂದೇ ತಾಯಿಬೇರು, ಮಳೆ ಬಂದ ಮರುದಿನ ಬುಡ ಹಿಡಿದು ಎಳೆದರೆ ಪೂರ್ತಿ ಬರುತ್ತದೆ. ಆ ಹಾಲು ಕಣ್ಣಿಗೆ ತಾಗಬಾರದು. ಗೋಣಿಸೊಪ್ಪು ಇದರ ಪಕ್ಕದಲ್ಲೇ ಬೆಳೆದು ಇದೇ ಎಂಬ ಭ್ರಮೆ ಹುಟ್ಟಿಸುತ್ತದೆ. ಆದರೆ ಅದರ ಕೆಂಪು ಕಾಂಡ ರಸಭರಿತ, ನುಣುಪು. ಚಿವುಟಿದರೆ ನೀರು ಬರುತ್ತದೆಯೇ ಹೊರತು ಹಾಲಲ್ಲ. ಒಂದು ಸಾರಿಗೆ ಬರುವಂಥದು, ಇನ್ನೊಂದನ್ನು ತಿನ್ನುವಂತಿಲ್ಲ. ಹೆಸರು ಗೊತ್ತಿರುವುದರ ಪ್ರಯೋಜನ ಇಷ್ಟು ನೇರವಾದುದು. ಗೋಣಿಸೊಪ್ಪನ್ನು ಕಿತ್ತು ಹುಲ್ಲಿನ ಮೇಲೆ ಬಿಟ್ಟರೆ ತುಂಡುತುಂಡೂ ಬೇರೂರುತ್ತದೆ. ಬುಟ್ಟಿಗೆ ಹಾಕಿ ಒಯ್ಯಬೇಕು.

ಮುಳ್ಳುಹರಿವೆಯ ಕೆಂಪು ದಂಟು ಎಲ್ಲರಿಗೂ ಪರಿಚಿತ. ಬಯಲುಸೀಮೆಯ ದಂಟು ಕರಾವಳಿಗೆ ಬಂದರೆ ಹರಿವೆ. ಪುನರ್ನವದ ಕೆಂಪು ಬಳ್ಳಿ ನೆಲದ ಮೇಲೆ ಹರಡಿ, ಅಂಟುವ ಕಾಯಿಗಳಿಂದ ಬಟ್ಟೆಗೆ ಹತ್ತುತ್ತದೆ. ಮೇಲೆ ಕಡಿದರೂ ದಪ್ಪ ಬೇರಿನಿಂದ ಮತ್ತೆ ಹೊಸದಾಗುವುದರಿಂದಲೇ ಅದಕ್ಕೆ ಆ ಹೆಸರು. ಇಟ್ಟವನು ಕವಿಯಲ್ಲ, ಅದನ್ನು ಕಿತ್ತು ಕಿತ್ತು ದಣಿದವನಿರಬೇಕು.

ಮುಟ್ಟಿದರೆ ಮುನಿಯ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ್ದು. ಮುಳ್ಳಿನ ಕೆಂಪು ಕಾಂಡದ ಈ ಗಿಡ ಅಮೆರಿಕದ ಉಷ್ಣವಲಯದ್ದು; ಅಚ್ಚೆಗಿಡವೂ ಅಲ್ಲಿಯದೇ. ಭಟ್ಕಳ, ಹೊನ್ನಾವರದ ಬಂದರುಗಳಿಗೆ ಪೋರ್ಚುಗೀಸ್ ಹಡಗುಗಳು ಬರತೊಡಗಿದ್ದು ಹದಿನಾರನೆಯ ಶತಮಾನದ ಆರಂಭದಲ್ಲಿ. ಪಂಪ ರನ್ನರ ಕಾಲದ ಕನ್ನಡ ಈ ಗಿಡವನ್ನು ಕಂಡಿರಲು ಸಾಧ್ಯವಿಲ್ಲ. ಆದರೂ ಹೊರಗಿನಿಂದ ಬಂದ ಗಿಡಕ್ಕೆ ಇಲ್ಲಿಯವರು ಪೂರ್ತಿ ದೇಸಿಯಾದ, ಒಂದು ಇಡೀ ವಾಕ್ಯವೇ ಆದ ಹೆಸರಿಟ್ಟರು. ನಾಮಕರಣದ ಆ ಶಕ್ತಿ ಭಾಷೆಗೆ ಆಗ ಇತ್ತು.

ಎಲ್ಲಕ್ಕಿಂತ ಹಟಮಾರಿ ಕೊನ್ನಾರಿ. ಇದು ಹುಲ್ಲಲ್ಲ, ಜೇಕಿನ ಜಾತಿ. ಹೂದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಅಂಚು ತಿಳಿಯುತ್ತದೆ. ತಲೆಯ ಮೇಲಿನ ತೆನೆ ಕೆಂಗಂದು. ಮಣ್ಣಿನೊಳಗೆ ಗಡ್ಡೆಗಳ ಸರಪಳಿಯೇ ಇರುತ್ತದೆ. ಎಲೆ ಕಿತ್ತರೆ ಗಡ್ಡೆ ಉಳಿಯುತ್ತದೆ, ಒಂದು ಗಡ್ಡೆ ಉಳಿದರೆ ಸಾಕು. ಮುಸ್ತಾ, ತುಂಗೆ ಎಂಬ ಹೆಸರಿನಲ್ಲಿ ಇದು ವೈದ್ಯರ ಪೆಟ್ಟಿಗೆಯಲ್ಲಿದೆ.

ಕುಮಟಾದ ಹೊರವಲಯದ ಮನೆಯೊಂದರಲ್ಲಿ ಕಳೆ ಕೀಳಲು ಬರುವ ಹಾಲಕ್ಕಿ ಒಕ್ಕಲಿಗ ವೃದ್ಧೆಯೊಬ್ಬಳು ಕಿತ್ತ ಗಿಡಗಳನ್ನು ಒಂದೇ ರಾಶಿ ಮಾಡುವುದಿಲ್ಲ. ಹುಳಿಸೊಪ್ಪು, ಗೋಣಿಸೊಪ್ಪು, ಎಳೆಯ ಹರಿವೆ ಒಂದು ಕಡೆ. ಮದ್ದಿನ ಬೇರು ಇನ್ನೊಂದು ಕಡೆ. ದನಕ್ಕೆ ಆಗುವುದು ಮತ್ತೊಂದು ಕಡೆ. ಉಳಿದದ್ದು ಗೊಬ್ಬರದ ಗುಂಡಿಗೆ. ಕೆಂಪು ಹಂಬಿನ ಒಂದೆಲಗವನ್ನು ಆಕೆ ಕೀಳಲು ಒಪ್ಪುವುದೇ ಇಲ್ಲ. ಆ ಮನೆಯ ಹಿರಿಯ ಗೃಹಿಣಿಗೆ ಅದು ತಂಬುಳಿಗೆ ಬೇಕೆಂದು ಆಕೆಗೆ ಗೊತ್ತು. ಅದೇ ಮನೆಯಲ್ಲಿ ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಮೊಬೈಲಿನಲ್ಲಿ ಚಿತ್ರ ತೆಗೆದು ಪ್ರತಿಯೊಂದರ ಲ್ಯಾಟಿನ್ ಹೆಸರನ್ನು ಕ್ಷಣದಲ್ಲಿ ಹೇಳುತ್ತಾನೆ, ಬಹುತೇಕ ಸರಿಯಾಗಿಯೇ. ಅಜ್ಜಿ ಹೇಳಿದ ಹೆಸರನ್ನು ಅವನು ಬರೆದುಕೊಳ್ಳುವುದಿಲ್ಲ. ಪಕ್ಕದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಓದುಬರಹವಿಲ್ಲದ ಅವರ ಸಸ್ಯಜ್ಞಾನವನ್ನು ನಾಡು ಕೊಂಡಾಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಜ್ಞಾನ ಒಬ್ಬರದಲ್ಲ, ಒಂದು ಸಮುದಾಯದ ಮಾತಿನದು. ಕನ್ನಡ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಹಾಲಕ್ಕಿಗಳ ಹಾಡುಗಳನ್ನು ಸಂಗ್ರಹಿಸಿದಷ್ಟು ಆಸಕ್ತಿಯಿಂದ ಅವರ ಸೊಪ್ಪಿನ ಹೆಸರುಗಳನ್ನೂ ಸಂಗ್ರಹಿಸಬೇಕಿತ್ತು. ಕಳೆನಾಶಕದ ಬಾಟಲಿ ಬಂದಮೇಲೆ ಆ ರಾಶಿಗಳು ಒಂದಾಗುತ್ತವೆ. ರಾಶಿ ಒಂದಾದಾಗ ಹೆಸರೂ ಒಂದೇ ಸಾಕು.

ಬಾಟಲಿಯ ವಿಷಯದಲ್ಲಿ ತಿಳಿದಿರಬೇಕಾದ ಕೆಲವು ಮಾತುಗಳಿವೆ. ಗ್ಲೈಫೋಸೇಟ್ ಕಳೆಯೊಂದಿಗೆ ಹುಲ್ಲುಹಾಸನ್ನೂ ಕೊಲ್ಲುತ್ತದೆ. ಅದರ ಬಳಕೆಯನ್ನು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೀಟನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. 2,4-ಡಿ ಅಗಲ ಎಲೆಯ ಗಿಡಗಳನ್ನು ಮಾತ್ರ ಹಿಡಿಯುತ್ತದೆ, ಆದರೆ ಹುಳಿಸೊಪ್ಪಿನ ಮೇಲೆ ಅದರ ಪ್ರಭಾವ ಅರೆಬರೆ, ಕೊನ್ನಾರಿಯ ಗಡ್ಡೆಗೆ ಅದು ಲೆಕ್ಕಕ್ಕಿಲ್ಲ. ಇದಕ್ಕಿಂತ ಮುಖ್ಯವಾದುದು ಬಾವಿ. ಈ ಮೂರು ತಾಲೂಕುಗಳಲ್ಲಿ ಬಾವಿ ಮನೆಯ ಅಂಗಳದಲ್ಲೇ ಇರುತ್ತದೆ. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಹುಲ್ಲಿಗೆ ಸಿಂಪಡಿಸಿದುದು ಎಲ್ಲಿಗೆ ಇಳಿಯುತ್ತದೆಂದು ಹೇಳಬೇಕಾಗಿಲ್ಲ.

ಕೈಯೇ ಇಲ್ಲಿ ತಕ್ಕ ಸಾಧನ, ಸಮಯ ಅದರ ಅರ್ಧ ಬಲ. ಮಣ್ಣು ಮೆತ್ತಗಿರುವಾಗ, ಹೂ ಕಾಯಾಗುವ ಮೊದಲು, ಬೇರುಸಹಿತ. ಹುಲ್ಲನ್ನು ಬೋಳಿಸುವಂತೆ ಕತ್ತರಿಸಬಾರದು. ಐದಾರು ಸೆಂಟಿಮೀಟರ್ ಎತ್ತರ ಬಿಟ್ಟರೆ ನೆಲಕ್ಕೆ ನೆರಳಾಗಿ ಕಳೆಬೀಜಕ್ಕೆ ಬೆಳಕು ಸಿಕ್ಕುವುದಿಲ್ಲ. ಟಿಪ್ಪರಿನಲ್ಲಿ ಬಂದ ಮಣ್ಣು ಕೊನ್ನಾರಿಗಡ್ಡೆಯನ್ನೂ ತಂದಿರುತ್ತದೆ. ಹುಲ್ಲು ಹಾಸುವ ಮುನ್ನ ಅದಕ್ಕೆ ನೀರು ಹಾಯಿಸಿ, ಮೊಳೆತುದನ್ನೆಲ್ಲ ಗಡ್ಡೆಸಹಿತ ಅಗೆದು ತೆಗೆಯುವುದು ಜಾಣತನ. ಹುಳಿಮಣ್ಣಿಗೆ ಸುಣ್ಣ ಬೇಕು. ಅಘನಾಶಿನಿಯ ಅಳಿವೆಯ ಚಿಪ್ಪುಗಳಿಂದ ಸುಟ್ಟ ಸುಣ್ಣ ಈ ಭಾಗಕ್ಕೆ ಹೊಸದಲ್ಲ. ಎಷ್ಟು ಬೇಕೆಂಬುದನ್ನು ಮಣ್ಣುಪರೀಕ್ಷೆ ಹೇಳಬೇಕು, ಅಂದಾಜಲ್ಲ. ರಂಜಕಕ್ಕೆ ಶಿಲಾರಂಜಕ ಇಂಥ ಮಣ್ಣಿನಲ್ಲಿ ನಿಧಾನವಾಗಿ ಒದಗುತ್ತದೆ. ಹುಲ್ಲು ಬಲಿತರೆ ಕಳೆಗೆ ಜಾಗ ತಾನಾಗಿಯೇ ಕಿರಿದಾಗುತ್ತದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಸಸ್ಯವನ್ನು ಕಡಿಯುವುದು ಅದರೊಳಗೆ ಬರುತ್ತದೆ. ಗೃಹಸ್ಥನಿಗೆ ಏಕೇಂದ್ರಿಯ ಜೀವಗಳ ಹಿಂಸೆ ಪೂರ್ತಿ ತಪ್ಪುವಂತಿಲ್ಲವೆಂದು ಶಾಸ್ತ್ರಕ್ಕೆ ಗೊತ್ತು. ಅದು ಕೇಳುವುದು ಪ್ರಯೋಜನವೇನೆಂದು. ಅನಂತಕಾಯವೆಂದು ಗಡ್ಡೆಗೆಣಸನ್ನು ತಿನ್ನದ ಶ್ರಾವಕನ ಮನೆಯ ಹುಲ್ಲುಹಾಸಿನಿಂದ ಕೊನ್ನಾರಿಯ ಗಡ್ಡೆಗಳನ್ನು ಅಗೆಯಬೇಕೆ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಯಾವ ಗಿಡವೆಂದು ತಿಳಿಯದವನು ಪ್ರಯೋಜನವಿದೆಯೆಂದೋ ಇಲ್ಲವೆಂದೋ ಹೇಗೆ ತಾನೆ ನಿರ್ಣಯಿಸಬಲ್ಲ?

ಹುಲ್ಲುಹಾಸಿನ ಅಂಚಿನಲ್ಲಿ ಮಣ್ಣು ತೆಳುವಾಗಿ ಜಂಬಿಟ್ಟಿಗೆಯ ಹಾಸು ಬರಿದಾಗಿ ಕಾಣುವ ಕಡೆ, ಮಳೆ ನಿಂತ ವಾರಗಳಲ್ಲಿ, ಉಗುರಗಲದ ಕೆಂಪು ಚಕ್ರದಂಥ ಗಿಡವೊಂದು ಕಾಣಬಹುದು. ಎಲೆಯ ಮೇಲಿನ ರೋಮಗಳ ತುದಿಯಲ್ಲಿ ಇಬ್ಬನಿಯಂಥ ಅಂಟು ಹನಿ, ಅದರಲ್ಲಿ ಸಿಕ್ಕಿಬಿದ್ದ ಒಂದೆರಡು ಸಣ್ಣ ನೊಣ. ಇದು ಡ್ರಾಸೆರಾ, ಕೀಟಾಹಾರಿ ಸಸ್ಯ. ಸಾರಜನಕವಿಲ್ಲದ ಬಡನೆಲದಲ್ಲಿ ಮಾತ್ರ ಬದುಕುವ ಇದು ಗೊಬ್ಬರ ಬಿದ್ದ ಹುಲ್ಲಿನೊಳಗೆ ಕಾಲಿಡುವುದಿಲ್ಲ, ಬೇಸಿಗೆಗೆ ಒಣಗಿಹೋಗುತ್ತದೆ. ಕೆಂಪಾಗಿರುವುದೆಲ್ಲವನ್ನೂ ಕೆರೆಯಲು ಹೇಳಿಸಿಕೊಂಡ ಕೆಲಸದಾಳು ಇದನ್ನು ಮೊದಲ ಏಟಿಗೇ ತೆಗೆದುಹಾಕುತ್ತಾನೆ; ಆ ಒಂದು ಮೊಳ ಕಲ್ಲಿನ ಹಾಸನ್ನು ಬಿಟ್ಟುಬಿಡೆಂದು ಅವನಿಗೆ ಮೊದಲೇ ಹೇಳಿರಬೇಕು.